‘ಪ್ರಕಟಣೆ ತಿಳಿಸಿದೆ’ ಅಂದರೆ ಯಾರು ತಿಳಿಸಿದ ಹಾಗೆ?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವಳು. ಕನ್ನಡ ಎಂ.ಎ. ಮಾಡಿ ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಮಾಡಿದೆ. ಮೂರು ತಿಂಗಳ ಹಿಂದೆ ಬೆಂಗಳೂರಿನ ಒಂದು ಸಿರಿಧಾನ್ಯ ಕಂಪನಿಯಲ್ಲಿ ಕಮ್ಯುನಿಕೇಷನ್ಸ್ ಕೆಲಸಕ್ಕೆ ಸೇರಿದ್ದೇನೆ. ಮೀಟಿಂಗಿನಲ್ಲಿ ಅವರ ಮಾತೇ ಅರ್ಥವಾಗುವುದಿಲ್ಲ. ‘ಎರಡು ಪೇಪರಿಗೆ ಎಕ್ಸ್‌ಕ್ಲೂಸಿವ್ ಕೊಡಿ, ಉಳಿದವರಿಗೆ ಎಂಬಾರ್ಗೋ ಹಾಕಿ, ತಿಂಗಳ ಕೊನೆಗೆ ಎವಿಇ ತೋರಿಸಿ’ ಅನ್ನುತ್ತಾರೆ. ನಾನು ತಲೆಯಾಡಿಸಿ ಬರುತ್ತೇನೆ. ಚಳ್ಳಕೆರೆಯಲ್ಲಿ ನಾವು ತೆರೆದ ಖರೀದಿ ಕೇಂದ್ರದ ಬಗ್ಗೆ ಪ್ರೆಸ್ ನೋಟ್ ಕಳಿಸಿದ್ದೆ. ಒಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಎಂಡಿ ಹೆಸರೇ ಇಲ್ಲ. ಇನ್ನೊಂದು ಪತ್ರಿಕೆಯವರು ‘ಅಡ್ವಟೋರಿಯಲ್ ಮಾಡಿಸಿ’ ಎಂದರು. ಇದೆಲ್ಲ ಏನು? ಯಾವ ಪದದಿಂದ ಕಲಿಯಲು ಶುರು ಮಾಡಲಿ?

ಉತ್ತರ: ನಾಲ್ಕು ಸಾಲು ಬಂತಲ್ಲ, ಮೊದಲು ಅದಕ್ಕೆ ಖುಷಿಪಡಿ. ಹನ್ನೊಂದು ವರ್ಷ ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ನಿಮ್ಮಂಥವರ ಪ್ರೆಸ್ ನೋಟ್ ಕತ್ತರಿಸಿದವನು. ಆಮೇಲೆ ಬೇಲಿ ದಾಟಿ ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕದ ಕಡೆಗೆ ಬಂದೆ, ನನ್ನ ಪ್ರೆಸ್ ನೋಟನ್ನು ಬೇರೆಯವರು ಕತ್ತರಿಸುವುದನ್ನು ನೋಡಿದೆ. ಎರಡೂ ಕಡೆ ಉಪ್ಪು ತಿಂದವನ ಮಾತು ಅಂತ ಇದನ್ನು ಓದಿಕೊಳ್ಳಿ.

ಪದಗಳ ಪಟ್ಟಿ ಮಾಡಿ ಬಾಯಿಪಾಠ ಹೊಡೆಯಬೇಡಿ, ಪರೀಕ್ಷೆ ಯಾರೂ ಇಡುವುದಿಲ್ಲ. ಯಾವ ಪದ ಕಿವಿಗೆ ಬಿದ್ದರೂ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ದುಡ್ಡು ಯಾರದು? ಮಾತಿನ ಹೊಣೆ ಯಾರದು? ಈ ಕಸುಬಿನ ಮುಕ್ಕಾಲು ಪಾಲು ಪದ ಹುಟ್ಟಿದ್ದೇ ಈ ಎರಡು ಪ್ರಶ್ನೆಗೆ ಉತ್ತರ ಹೇಳಲು. ಕೆಲವು ಪದ ಮಾತ್ರ ಉತ್ತರ ಮುಚ್ಚಿಡಲು ಹುಟ್ಟಿದವು. ಅವನ್ನೂ ಹೇಳುತ್ತೇನೆ.

ನಿಮ್ಮ ಪ್ರೆಸ್ ನೋಟಿನಿಂದಲೇ ಶುರು ಮಾಡೋಣ. ನೀವು ಕಳಿಸಿದ್ದು ಹೇಗಿತ್ತು ಅಂತ ನೋಡದೆಯೇ ಹೇಳಬಲ್ಲೆ. ಮೇಲೆ ‘ಪ್ರಕಟಣೆಯ ಕೃಪೆಗಾಗಿ’. ಅದರ ಕೆಳಗೆ ‘ತಮ್ಮ ಘನ ಪತ್ರಿಕೆಯಲ್ಲಿ ಪ್ರಕಟಿಸಬೇಕಾಗಿ ವಿನಂತಿ’. ಆಮೇಲೆ ಮೊದಲ ವಾಕ್ಯ ಹೆಚ್ಚೂಕಮ್ಮಿ ಹೀಗೆ: ‘ಸಿರಿಧಾನ್ಯ ಸಂಸ್ಕರಣಾ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿರುವ, ಗುಣಮಟ್ಟಕ್ಕೆ ಮತ್ತೊಂದು ಹೆಸರಾದ ನಮ್ಮ ಸಂಸ್ಥೆಯು ತನ್ನ ನೂತನ ಖರೀದಿ ಕೇಂದ್ರವನ್ನು ಲೋಕಾರ್ಪಣೆಗೊಳಿಸಲು ಹರ್ಷಿಸುತ್ತದೆ.’ ಹೌದಾ?

ಈಗ ರಾತ್ರಿ ಎಂಟು ಗಂಟೆಗೆ ಜಿಲ್ಲಾ ಪುಟ ಕಟ್ಟುತ್ತಿರುವ ಉಪಸಂಪಾದಕನ ಜಾಗದಲ್ಲಿ ಕೂತು ನೋಡಿ. ಎದುರಿಗೆ ಇಂಥವೇ ನಲವತ್ತು ಕಾಗದ. ‘ಮುಂಚೂಣಿ’ ಹೋಯಿತು. ‘ಮತ್ತೊಂದು ಹೆಸರು’ ಹೋಯಿತು. ‘ಹರ್ಷಿಸುತ್ತದೆ’ ಅಂತೂ ಮೊದಲೇ ಹೋಯಿತು, ನಿಮ್ಮ ಹರ್ಷ ಕಟ್ಟಿಕೊಂಡು ಓದುಗನಿಗೆ ಏನಾಗಬೇಕು? ಉಳಿದದ್ದು ಇಷ್ಟು: ‘ಚಳ್ಳಕೆರೆ: ರೈತರಿಂದ ನವಣೆ, ಸಾಮೆ ನೇರವಾಗಿ ಖರೀದಿಸುವ ಕೇಂದ್ರ ಇಲ್ಲಿ ಸೋಮವಾರ ಆರಂಭವಾಯಿತು. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಕೇಂದ್ರ ತೆರೆದಿರುತ್ತದೆ ಎಂದು ಪ್ರಕಟಣೆ ತಿಳಿಸಿದೆ.’

ಆ ಕೊನೆಯ ಎರಡು ಪದ ನೋಡಿ. ‘ಪ್ರಕಟಣೆ ತಿಳಿಸಿದೆ’. ಕನ್ನಡ ಪತ್ರಿಕೆಗಳಲ್ಲಿ ದಿನವೂ ಬರುವ ಮಾತು, ಯಾರೂ ನಿಂತು ಓದುವುದಿಲ್ಲ. ಆದರೆ ಅದು ಸುಮ್ನೆ ಹಾಕಿದ್ದಲ್ಲ. ‘ಇದನ್ನು ನಮ್ಮ ವರದಿಗಾರ ಹೋಗಿ ನೋಡಿಲ್ಲ, ಅವರೇ ಬರೆದು ಕಳಿಸಿದ್ದು, ಸುಳ್ಳಾದರೆ ಅವರನ್ನು ಕೇಳಿ’ ಅಂತ ಪತ್ರಿಕೆ ಓದುಗನಿಗೆ ಹೇಳುವ ರೀತಿ ಅದು. ವರದಿಗಾರ ತಾನೇ ಓಡಾಡಿ ಬರೆದದ್ದಾದರೆ ಅವನ ಹೆಸರು ಮೇಲೆ ಬರುತ್ತದೆ. ಅದು ಬೈಲೈನ್. ಪ್ರೆಸ್ ನೋಟಿಗೆ ಬೈಲೈನ್ ಸಿಗುವುದಿಲ್ಲ, ಸಿಕ್ಕಿದರೆ ಅಲ್ಲಿ ಏನೋ ಎಡವಟ್ಟಾಗಿದೆ. ಆರಂಭದಲ್ಲಿರುವ ‘ಚಳ್ಳಕೆರೆ:’ ಅನ್ನುವುದು ಡೇಟ್‌ಲೈನ್. ಹೆಸರಲ್ಲಿ ಡೇಟ್ ಇದ್ದರೂ ಕನ್ನಡ ಪತ್ರಿಕೆಗಳಲ್ಲಿ ಈಗ ಹೆಚ್ಚಾಗಿ ಉಳಿದಿರುವುದು ಊರು ಮಾತ್ರ. ಸುದ್ದಿ ಎಲ್ಲಿಂದ ಬಂತು ಎಂಬ ಗುರುತು.

ಎಂಡಿ ಹೆಸರು ಯಾಕೆ ಬರಲಿಲ್ಲ? ಅವರು ಹೇಳಿದ್ದರಲ್ಲಿ ಸುದ್ದಿ ಇರಲಿಲ್ಲ, ಅಷ್ಟೇ. ‘ರೈತರ ಏಳಿಗೆಯೇ ನಮ್ಮ ಧ್ಯೇಯ’ ಅನ್ನುವ ಮಾತನ್ನು ಯಾರ ಬಾಯಲ್ಲಿ ಬೇಕಾದರೂ ಇಡಬಹುದು, ಹಾಗಾಗಿ ಯಾರ ಬಾಯಲ್ಲೂ ಇಡುವುದಿಲ್ಲ. ‘ಕ್ವಿಂಟಲ್ ನವಣೆಗೆ ಇಷ್ಟು ಕೊಡುತ್ತೇವೆ, ಮೂರು ದಿನದಲ್ಲಿ ದುಡ್ಡು ಖಾತೆಗೆ ಹಾಕುತ್ತೇವೆ’ ಎಂದು ಅವರು ಹೇಳಿದ್ದರೆ, ಹಾಗೆ ಹೇಳಿದವರು ಯಾರು ಎಂದು ಪತ್ರಿಕೆ ಬರೆಯಲೇಬೇಕಾಗುತ್ತಿತ್ತು. ಕೋಟ್ ಅಂದರೆ ಅದು. ಭರವಸೆಗೆ ಒಬ್ಬರ ಹೆಸರು ಕಟ್ಟುವುದು.

ಪ್ರೆಸ್ ನೋಟ್, ಪ್ರೆಸ್ ರಿಲೀಸ್, ಪತ್ರಿಕಾ ಪ್ರಕಟಣೆ ಮೂರೂ ನಿಮ್ಮ ಮಟ್ಟಿಗೆ ಒಂದೇ. ಸರ್ಕಾರದ ಕಡೆ ಮಾತ್ರ ಸಣ್ಣ ವ್ಯತ್ಯಾಸ ಇಟ್ಟುಕೊಂಡಿದ್ದಾರೆ. ದೊಡ್ಡ ತೀರ್ಮಾನವಾದರೆ ಪ್ರೆಸ್ ಕಮ್ಯುನಿಕೆ, ಅದರ ಒಂದಕ್ಷರವನ್ನೂ ಬದಲಿಸದೆ ಹಾಕಬೇಕು ಎಂಬ ನಿರೀಕ್ಷೆ. ಪ್ರೆಸ್ ನೋಟ್ ಆದರೆ ಅಷ್ಟು ಬಿಗಿ ಇಲ್ಲ, ತಿದ್ದಬಹುದು. ನಮ್ಮಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಈ ಕೆಲಸ ಮಾಡುತ್ತದೆ. ಜಿಲ್ಲೆಗಳಲ್ಲಿ ಅದಕ್ಕೆಂದೇ ವಾರ್ತಾಧಿಕಾರಿಗಳಿದ್ದಾರೆ. ನಿಮ್ಮ ಕೆಲಸವನ್ನೇ ಅವರು ಸರ್ಕಾರಕ್ಕಾಗಿ ಮಾಡುತ್ತಾರೆ ಅಂದುಕೊಳ್ಳಿ.

ಈ ಕಾಗದದ ಮೂಲ ಎಲ್ಲಿಯದು ಗೊತ್ತಾ? 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಆಗಿನ ರೈಲು ಕಂಪನಿಗಳ ಪದ್ಧತಿ ಎಂದರೆ ಬಾಯಿ ಮುಚ್ಚಿಕೊಂಡಿರುವುದು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ಸಲಹೆಗಾರನಾಗಿದ್ದ ಐವಿ ಲೀ ಎಂಬಾತ ಅದನ್ನು ತಿರುಗಿಸಿದ. ಏನಾಯಿತು ಎಂದು ತಾವೇ ಬರೆದು ಕೊಡೋಣ, ವರದಿಗಾರರನ್ನು ಸ್ಥಳಕ್ಕೆ ಕರೆದೊಯ್ಯೋಣ ಎಂದ. ನ್ಯೂಯಾರ್ಕ್ ಟೈಮ್ಸ್ ಆ ಹೇಳಿಕೆಯನ್ನು ಮಾತು ಬದಲಿಸದೆ ಅಚ್ಚು ಮಾಡಿತು. ಮೊದಲ ಪ್ರೆಸ್ ರಿಲೀಸ್ ಎಂದು ಬಹಳ ಜನ ಬೊಟ್ಟು ಮಾಡುವುದು ಇದನ್ನೇ. ಅದೇ ವರ್ಷ ಲೀ ಪತ್ರಿಕೆಗಳಿಗೆ ತನ್ನ ತತ್ವ ಬರೆದು ಕಳಿಸಿದ್ದ. ನಾವು ಗುಟ್ಟಾಗಿ ಕೆಲಸ ಮಾಡುವವರಲ್ಲ, ನಾವು ಜಾಹೀರಾತು ಏಜೆನ್ಸಿಯಲ್ಲ, ನಾವು ಕಳಿಸಿದ್ದು ನಿಮ್ಮ ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಅನ್ನಿಸಿದರೆ ಬಳಸಬೇಡಿ ಎಂಬುದು ಅದರ ತಾತ್ಪರ್ಯ. ಒಳ್ಳೆಯ ಮಾತು. ಮುಂದೆ ಇದೇ ಲೀ ಗಣಿ ಮಾಲೀಕರ ಪರವಾಗಿ ಕೆಲಸ ಮಾಡಿ ‘ಪಾಯಿಸನ್ ಐವಿ’, ಅಂದರೆ ವಿಷದ ಬಳ್ಳಿ, ಎಂಬ ಅಡ್ಡಹೆಸರನ್ನೂ ಪಡೆದ. ನಮ್ಮ ಕಸುಬಿನ ಜಾತಕವೇ ಹಾಗೆ ಇರಬೇಕು.

ಪ್ರೆಸ್ ನೋಟಿನ ಕೊನೆಗೆ ‘ನಮ್ಮ ಸಂಸ್ಥೆಯ ಬಗ್ಗೆ’ ಎಂದು ಪ್ರತಿ ಸಲವೂ ಅದೇ ಐದು ಸಾಲು ಅಂಟಿಸುತ್ತೀರಲ್ಲ, ಅದಕ್ಕೆ ಬಾಯ್ಲರ್‌ಪ್ಲೇಟ್ ಅನ್ನುತ್ತಾರೆ. ಹಿಂದೆ ಅಮೆರಿಕದ ಸಣ್ಣ ಊರುಗಳ ಪತ್ರಿಕೆಗಳಿಗೆ ಸಿದ್ಧ ಬರಹವನ್ನು ಲೋಹದ ಫಲಕದಲ್ಲಿ ಎರಕ ಹೊಯ್ದು ಕಳಿಸುತ್ತಿದ್ದರು. ಬದಲಿಸಲು ಆಗುತ್ತಿರಲಿಲ್ಲ, ಹಾಗೇ ಅಚ್ಚಿಗೆ ಹಾಕಬೇಕು. ಬಾಯ್ಲರಿನ ತಗಡಿನಂತೆ ಕಂಡು ಆ ಹೆಸರು ಬಿತ್ತು. ಅದು ಪತ್ರಿಕೆಯಲ್ಲಿ ಬರಲಿ ಅಂತ ಆಸೆ ಪಡಬೇಡಿ. ಅದು ಇರುವುದು ಉಪಸಂಪಾದಕ ನಿಮ್ಮ ಕಂಪನಿ ಯಾವುದು ಅಂತ ಹುಡುಕಲು ಒದ್ದಾಡದಿರಲಿ ಎಂದು.

ಈಗ ಅಡ್ವಟೋರಿಯಲ್. ಇದು ಜಾಸ್ತಿ ಹೊತ್ತು ನಿಂತು ನೋಡಬೇಕಾದ ಜಾಗ.

ನಿಮ್ಮ ಮೀಟಿಂಗಿನಲ್ಲಿ ಓನ್ಡ್, ಪೇಯ್ಡ್, ಅರ್ನ್ಡ್ ಅಂತ ಮೂರು ಪದ ಓಡಾಡುತ್ತಿರುತ್ತವೆ. ನಾನು ಹೊಸಬರಿಗೆ ಹೇಳುವುದು ಹೀಗೆ. ನಿಮ್ಮ ವೆಬ್‌ಸೈಟ್, ನಿಮ್ಮ ಫೇಸ್‌ಬುಕ್ ಪುಟ ಸ್ವಂತ ಮನೆ. ಏನು ಬೇಕಾದರೂ ಅಡುಗೆ ಮಾಡಿ, ಆದರೆ ಬರುವ ನೆಂಟರು ಕಮ್ಮಿ. ಜಾಹೀರಾತು ಅಂದರೆ ಬಾಡಿಗೆ ಛತ್ರ. ದುಡ್ಡು ಕೊಟ್ಟಷ್ಟು ಹೊತ್ತು ನಿಮ್ಮದೇ ಊಟ, ನಿಮ್ಮದೇ ವಾಲಗ. ಸುದ್ದಿಯಾಗಿ ಬರುವುದು, ಅಂದರೆ ಅರ್ನ್ಡ್, ನೆಂಟರ ಮನೆ ಊಟ. ಕಾಸು ಖರ್ಚಿಲ್ಲ, ಮರ್ಯಾದೆಯೂ ಜಾಸ್ತಿ, ಆದರೆ ಬಡಿಸಿದ್ದನ್ನು ಉಣ್ಣಬೇಕು. ಉಪ್ಪು ಕಮ್ಮಿಯಾಯಿತು ಅಂತ ಅಲ್ಲಿ ಜಗಳ ತೆಗೆಯುವಂತಿಲ್ಲ. ನಿಮ್ಮ ಎಂಡಿ ಈಗ ತೆಗೆಯುತ್ತಿರುವುದು ಆ ಜಗಳ.

ಅಡ್ವಟೋರಿಯಲ್ ಎಂದರೆ ಬಾಡಿಗೆ ಛತ್ರಕ್ಕೆ ನೆಂಟರ ಮನೆಯ ಬಣ್ಣ ಬಳಿಯುವುದು. ನೋಡಲು ಲೇಖನದ ಹಾಗೇ ಇರುತ್ತದೆ, ಜಾಗಕ್ಕೆ ದುಡ್ಡು ನಿಮ್ಮದು, ಬರೆದವರು ನಿಮ್ಮವರು ಅಥವಾ ಪತ್ರಿಕೆಯ ಮಾರ್ಕೆಟಿಂಗ್ ವಿಭಾಗದವರು. ಇದು ತಪ್ಪಲ್ಲ. ಒಂದೇ ಷರತ್ತು, ಅದು ಜಾಹೀರಾತು ಅಂತ ಓದುಗನಿಗೆ ತಿಳಿಯಬೇಕು. ಆ ತಿಳಿಸುವ ಪದಗಳಲ್ಲೇ ಇರುವುದು ಕರಾಮತ್ತು. ‘ಜಾಹೀರಾತು’ ಎಂದು ಮೇಲೆ ದಪ್ಪಗೆ ಬರೆದರೆ ಪ್ರಾಮಾಣಿಕರು. ‘ಪ್ರಾಯೋಜಿತ’, ‘ಬ್ರ್ಯಾಂಡ್ ಕನೆಕ್ಟ್’, ‘ಪಾರ್ಟ್ನರ್ ಕಂಟೆಂಟ್’ ಎಂದೆಲ್ಲ ಬರೆದರೆ ಅರ್ಥ ಅದೇ, ನಾಚಿಕೆ ಮಾತ್ರ ಸ್ವಲ್ಪ ಇದೆ. ಇಂಗ್ಲಿಷ್ ಪತ್ರಿಕೆಗಳ ಬಣ್ಣಬಣ್ಣದ ನಗರ ಪುರವಣಿ ಕೈಗೆ ಸಿಕ್ಕಿದಾಗ ಅದರ ಹೆಸರಿನ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿ. ಇದು ಅಡ್ವಟೋರಿಯಲ್, ಮನರಂಜನೆಯ ಪ್ರಚಾರ ಪುರವಣಿ ಎಂಬರ್ಥದ ಸಾಲು ಇರುವೆ ಗಾತ್ರದಲ್ಲಿ ಕೂತಿರುತ್ತದೆ.

ಯಾವ ಪದವನ್ನೂ ಹಾಕದೆ, ದುಡ್ಡು ಪಡೆದು ಸುದ್ದಿಯಂತೆಯೇ ಹಾಕಿದರೆ? ಅದು ಪೇಯ್ಡ್ ನ್ಯೂಸ್. ಕನ್ನಡದಲ್ಲಿ ‘ಕಾಸಿಗಾಗಿ ಸುದ್ದಿ’. ನಗದಾಗಲಿ, ವಸ್ತು ರೂಪದಲ್ಲಾಗಲಿ ಬೆಲೆ ಪಡೆದು ಪ್ರಕಟಿಸಿದ ಸುದ್ದಿ ಅಥವಾ ವಿಶ್ಲೇಷಣೆ ಎಂದು ಭಾರತೀಯ ಪತ್ರಿಕಾ ಮಂಡಳಿ ಅದನ್ನು ವಿವರಿಸಿದೆ. 2009ರ ಲೋಕಸಭೆ ಚುನಾವಣೆಯಲ್ಲಿ ಇದು ಮಿತಿಮೀರಿತ್ತು, ಮಂಡಳಿ ವಿಚಾರಣೆ ಮಾಡಿ 2010ರಲ್ಲಿ ವರದಿ ಹೊರಡಿಸಿತು. ಈಗ ಚುನಾವಣೆ ಬಂದರೆ ಮಾಧ್ಯಮಗಳ ಮೇಲೆ ಕಣ್ಣಿಡಲು ಜಿಲ್ಲೆಗೊಂದು ಎಂಸಿಎಂಸಿ ಸಮಿತಿ ಕೂರುತ್ತದೆ. ಇಂಥ ಸುದ್ದಿ ಕಂಡುಬಂದರೆ ಅದರ ಬೆಲೆಯನ್ನು ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಸೇರಿಸುತ್ತದೆ. ಸಿರಿಧಾನ್ಯಕ್ಕೂ ಚುನಾವಣೆಗೂ ಏನು ಸಂಬಂಧ ಅನ್ನಬೇಡಿ. ‘ಅಡ್ವಟೋರಿಯಲ್ ಅಂತ ಹಾಕಬೇಡಿ, ನ್ಯೂಸ್ ಥರ ಬರಲಿ’ ಅಂತ ನಿಮ್ಮ ಆಫೀಸಿನಲ್ಲೇ ಒಂದು ದಿನ ಯಾರಾದರೂ ಹೇಳುತ್ತಾರೆ. ಹೇಳಿದಾಗ ಅವರು ಕೇಳುತ್ತಿರುವುದರ ಹೆಸರು ಏನು ಅಂತ ನಿಮಗೆ ಗೊತ್ತಿರಲಿ. ಇನ್ನೊಂದು, ಕವರೇಜ್ ಬೇರೆ, ಕವರ್ ಬೇರೆ. ಪತ್ರಿಕಾಗೋಷ್ಠಿ ಮುಗಿದ ಮೇಲೆ ದುಡ್ಡಿಟ್ಟು ಕೈಯಿಂದ ಕೈಗೆ ದಾಟಿಸುವ ಆ ಎರಡನೆಯದಕ್ಕೆ ಯಾವ ಪಠ್ಯಪುಸ್ತಕದಲ್ಲೂ ವ್ಯಾಖ್ಯೆ ಇಲ್ಲ. ನೀವು ಕಲಿಯದಿದ್ದರೂ ನಡೆಯುತ್ತದೆ.

ಇನ್‌ಫ್ಲುಯೆನ್ಸರ್‌ಗಳ ವಿಷಯಕ್ಕೂ ಇದೇ ಅಳತೆ. ರೀಲ್ಸ್ ಮಾಡುವವರಿಗೆ ದುಡ್ಡು ಕೊಟ್ಟರೂ ಸರಿ, ಎರಡು ಪ್ಯಾಕೆಟ್ ಹಿಟ್ಟು ಪುಕ್ಕಟೆ ಕೊಟ್ಟರೂ ಸರಿ, ಅದು ಪ್ರಚಾರ ಎಂದು ಅವರು ತೋರಿಸಲೇಬೇಕು. ಜಾಹೀರಾತು ಗುಣಮಟ್ಟ ಮಂಡಳಿ ಆಸ್ಕಿ 2021ರಲ್ಲೇ ಇದಕ್ಕೆ ನಿಯಮ ತಂದಿತು, ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ‘ಕೊಲಾಬ್’ ಅಂತ ಅವರು ಬರೆಯುವುದು ಚೆಂದಕ್ಕಲ್ಲ.

ಎಂಬಾರ್ಗೋ ಬಗ್ಗೆ ಕೇಳಿದ್ದಿರಿ. ಸ್ಪ್ಯಾನಿಷ್‌ನಿಂದ ಬಂದ ಪದ, ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸುವುದಕ್ಕೆ ಹಾಗೆ ಹೇಳುತ್ತಿದ್ದರು. ಸುದ್ದಿಯ ಮಟ್ಟಿಗೆ ಅರ್ಥ ಇಷ್ಟೇ: ಈಗಲೇ ಕೊಡುತ್ತೇವೆ, ಓದಿ, ತಯಾರಿ ಮಾಡಿಕೊಳ್ಳಿ, ಆದರೆ ಇಂಥ ಹೊತ್ತಿಗೆ ಮೊದಲು ಹಾಕಬೇಡಿ. ‘ನೇಚರ್’, ‘ಸೈನ್ಸ್’ ಮೊದಲಾದ ವಿಜ್ಞಾನ ನಿಯತಕಾಲಿಕಗಳು ಪ್ರಬಂಧಗಳನ್ನು ಪತ್ರಕರ್ತರಿಗೆ ಮುಂಚೆಯೇ ಕಳಿಸುವುದು ಹೀಗೆ. ವಿಷಯ ಕ್ಲಿಷ್ಟ, ಓದಿ ಅರ್ಥ ಮಾಡಿಕೊಳ್ಳಲು ಸಮಯ ಬೇಕು. ಅಲ್ಲಿ ಎಂಬಾರ್ಗೋಗೆ ಕಾರಣ ಇದೆ. ಖರೀದಿ ಕೇಂದ್ರದ ಸುದ್ದಿಗೆ ಎಂಬಾರ್ಗೋ ಹಾಕುವುದು ಹಪ್ಪಳಕ್ಕೆ ಬೀಗ ಹಾಕಿದ ಹಾಗೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಎಂಬಾರ್ಗೋ ಒಂದು ಒಪ್ಪಂದ, ಆದೇಶ ಅಲ್ಲ. ಮೊದಲು ಕೇಳಬೇಕು, ಅವರು ಹ್ಞೂಂ ಅನ್ನಬೇಕು, ಆಮೇಲೆ ಕಳಿಸಬೇಕು. ಗುರುತಿಲ್ಲದ ಇನ್ನೂರು ಜನಕ್ಕೆ ಮೇಲ್ ಮಾಡಿ ಮೇಲೆ ಕೆಂಪಕ್ಷರದಲ್ಲಿ ಬರೆದರೆ ಯಾರನ್ನೂ ಕಟ್ಟಿಹಾಕಿದಂತಾಗುವುದಿಲ್ಲ. ನಾನೇ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮೇಲ್‌ನಲ್ಲಿ ಎಂಬಾರ್ಗೋ ಅಂತ ಬರೆದಿದ್ದೆ, ಜತೆಗಿಟ್ಟ ಫೈಲಿನಲ್ಲಿ ಬರೆದಿರಲಿಲ್ಲ. ವರದಿಗಾರ ಫೈಲನ್ನು ಮಾತ್ರ ಡೆಸ್ಕಿಗೆ ಕಳಿಸಿದ. ಡೆಸ್ಕಿನವರು ವೆಬ್‌ಗೆ ಹಾಕಿದರು. ಬೆಳಿಗ್ಗೆ 11ಕ್ಕೆ ನಡೆಯಬೇಕಿದ್ದ ಪತ್ರಿಕಾಗೋಷ್ಠಿಯ ಸುದ್ದಿ ಹಿಂದಿನ ರಾತ್ರಿಯೇ ಎಲ್ಲರ ಮೊಬೈಲಿಗೆ ಬಂತು. ಮರುದಿನ ಬಂದವರು ನಾಲ್ಕೇ ಜನ, ಅದರಲ್ಲಿ ಇಬ್ಬರು ಬೈಯಲು ಬಂದಿದ್ದರು. ಅವತ್ತಿನಿಂದ ನಾನು ಫೈಲಿನ ಮೊದಲ ಸಾಲಿನಲ್ಲೇ, ಪ್ರತಿ ಪುಟದಲ್ಲೂ, ‘ಆಗಸ್ಟ್ 12, ಬೆಳಿಗ್ಗೆ 11 ಗಂಟೆವರೆಗೆ ಪ್ರಕಟಿಸುವಂತಿಲ್ಲ’ ಎಂದು ಬರೆಯುತ್ತೇನೆ. ‘ಎಂಬಾರ್ಗೋ: ಆಗಸ್ಟ್ 12’ ಎಂದಷ್ಟೇ ಬರೆದರೆ 11ರ ಮಧ್ಯರಾತ್ರಿ 12 ಗಂಟೆ ಒಂದು ನಿಮಿಷಕ್ಕೆ ಹಾಕುವವರಿದ್ದಾರೆ. ಅವರ ತಪ್ಪೂ ಅಲ್ಲ.

ಎಕ್ಸ್‌ಕ್ಲೂಸಿವ್ ಎಂದರೆ ಒಬ್ಬರಿಗೆ ಮಾತ್ರ. ಎರಡು ಪೇಪರಿಗೆ ಎಕ್ಸ್‌ಕ್ಲೂಸಿವ್ ಕೊಡಿ ಎಂದವರಿಗೆ ಏನು ಹೇಳಲಿ? ಇಬ್ಬರು ವರದಿಗಾರರೂ ಸಂಜೆ ಪ್ರೆಸ್ ಕ್ಲಬ್ಬಿನಲ್ಲಿ ಒಂದೇ ಮೇಜಿಗೆ ಕೂರುವವರು. ಕಾಫಿ ಬರುವುದರೊಳಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಇಬ್ಬರೂ ನಿಮ್ಮ ಫೋನ್ ಎತ್ತುವುದಿಲ್ಲ. ಒಬ್ಬರಿಗೆ ಪೂರ್ತಿ ವಿಷಯ, ಇನ್ನೊಬ್ಬರಿಗೆ ಬೇರೆಯದೇ ಆ್ಯಂಗಲ್ ಕೊಡಬಹುದು. ಒಬ್ಬರಿಗೆ ರೈತರ ಕಡೆಯಿಂದ, ಇನ್ನೊಬ್ಬರಿಗೆ ಯಂತ್ರದ ಕಡೆಯಿಂದ. ಅದನ್ನು ಮೊದಲೇ ಹೇಳಿ ಕೊಡಿ. ಹೀಗೆ ವಿಷಯವನ್ನು ಒಬ್ಬ ವರದಿಗಾರನಿಗೆ ಹೊಂದುವಂತೆ ಹೇಳಿ ಆಸಕ್ತಿ ಹುಟ್ಟಿಸುವುದೇ ಪಿಚ್. ಕೃಷಿ ನೋಡುವವರಿಗೆ ಕೃಷಿ, ವಾಣಿಜ್ಯ ಪುಟದವರಿಗೆ ಬಂಡವಾಳ. ಯಾರು ಯಾವ ವಿಷಯ ನೋಡುತ್ತಾರೋ ಅದು ಅವರ ಬೀಟ್. ಅಪರಾಧ ಬೀಟಿನವರಿಗೆ ಸಾಮೆ ಅಕ್ಕಿಯ ಮೇಲ್ ಕಳಿಸಬೇಡಿ. ನನಗೆ ಬರುತ್ತಿತ್ತು.

ಫೋನ್ ಮಾಡುವುದಾದರೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರೊಳಗೆ ಮಾಡಿ. ಸಂಜೆ ಆರರ ಮೇಲೆ ಬೇಡವೇ ಬೇಡ, ಆಗ ಡೆಡ್‌ಲೈನ್ ಹತ್ತಿರ ಬಂದಿರುತ್ತದೆ. ಆ ಪದದ ಹುಟ್ಟು ಕೇಳಿ: ಅಮೆರಿಕದ ಅಂತರ್ಯುದ್ಧದ ಕಾಲದ ಜೈಲುಗಳಲ್ಲಿ ಗೋಡೆಯ ಒಳಗೆ ಒಂದು ಗೆರೆ ಇರುತ್ತಿತ್ತು, ಕೈದಿ ಅದನ್ನು ದಾಟಿದರೆ ಗುಂಡು ಹೊಡೆಯುತ್ತಿದ್ದರು. ರಾತ್ರಿ ಪುಟ ತಡವಾದಾಗ ಸುದ್ದಿ ಸಂಪಾದಕರ ಮುಖ ನೋಡಿದವರಿಗೆ ಆ ಪದ ಯಾಕೆ ಉಳಿಯಿತು ಅಂತ ಗೊತ್ತು. ಎಲ್ಲ ಆವೃತ್ತಿಗೂ ಒಂದೇ ಡೆಡ್‌ಲೈನ್ ಇರುವುದಿಲ್ಲ. ದೂರದ ಊರಿಗೆ ಹೋಗುವ ಡಾಕ್ ಎಡಿಷನ್ ಮೊದಲು ಮುಗಿಯುತ್ತದೆ, ಊರಿನೊಳಗೆ ಹಂಚುವ ಸಿಟಿ ಎಡಿಷನ್ ಕೊನೆಗೆ. ಡಾಕ್ ಅಂದರೆ ನಮ್ಮ ಟಪಾಲೇ. ಹಾಗಾಗಿ ಸಂಜೆ ಏಳಕ್ಕೆ ಕಾರ್ಯಕ್ರಮ ಮಾಡಿ ದೂರದ ಊರಿನ ಪತ್ರಿಕೆಯಲ್ಲಿ ಹುಡುಕಬೇಡಿ. ಚಳ್ಳಕೆರೆ ಸುದ್ದಿ ಚಿತ್ರದುರ್ಗದ ಜಿಲ್ಲಾ ಪುಟದಲ್ಲಿ ಬಂದಿರುತ್ತದೆ. ಬೆಂಗಳೂರಿನ ಮನೆಗೆ ಬರುವ ಪತ್ರಿಕೆಯಲ್ಲಿ ಆ ಪುಟವೇ ಇರುವುದಿಲ್ಲ. ‘ಎಲ್ಲೂ ಬಂದಿಲ್ಲ’ ಎಂದು ಎಂಡಿ ಹೇಳಿದರೆ ಇ-ಪೇಪರಿನಲ್ಲಿ ಆ ಆವೃತ್ತಿ ತೆಗೆದು ತೋರಿಸಿ.

ಆಫ್ ದಿ ರೆಕಾರ್ಡ್ ಎಂಬುದನ್ನು ನೀವು ಕೇಳಿಲ್ಲ, ಆದರೆ ಇದು ತಿಳಿಯದೆ ಒಂದು ಹೆಜ್ಜೆಯೂ ಇಡಬೇಡಿ. ಮಾತಿಗೆ ಮೂರು ಮೆಟ್ಟಿಲು ಇವೆ. ಹೆಸರು ಹಾಕಿ ಬರೆಯಬಹುದಾದದ್ದು ಆನ್ ರೆಕಾರ್ಡ್. ಮಾತು ಬರೆಯಬಹುದು, ಹೆಸರು ಬರೆಯಬಾರದು ಎಂಬುದು ಬ್ಯಾಕ್‌ಗ್ರೌಂಡ್. ಪತ್ರಿಕೆಯಲ್ಲಿ ‘ಹೆಸರು ಹೇಳಲು ಬಯಸದ ಅಧಿಕಾರಿ’, ‘ಬಲ್ಲ ಮೂಲಗಳು’, ‘ಉನ್ನತ ಮೂಲಗಳು ತಿಳಿಸಿವೆ’ ಎಂದು ಬರುವುದೆಲ್ಲ ಈ ಮೆಟ್ಟಿಲಿನದು. ಬರೆಯಲೇಬಾರದು, ಬರೀ ನಿಮ್ಮ ತಿಳಿವಳಿಕೆಗೆ ಎಂಬುದು ಆಫ್ ದಿ ರೆಕಾರ್ಡ್. ತೊಂದರೆ ಏನೆಂದರೆ ಈ ಮೂರಕ್ಕೂ ಎಲ್ಲರೂ ಒಂದೇ ಅರ್ಥ ಕೊಡುವುದಿಲ್ಲ. ಆಫ್ ದಿ ರೆಕಾರ್ಡ್ ಅಂದರೆ ಹೆಸರಿಲ್ಲದೆ ಬರೆಯಬಹುದು ಎಂದುಕೊಳ್ಳುವ ವರದಿಗಾರರು ಬಹಳ. ಅದಕ್ಕೇ ಪದ ಹೇಳಬೇಡಿ, ಬಿಡಿಸಿ ಹೇಳಿ: ‘ಇದನ್ನು ಬರೆಯುವ ಹಾಗಿಲ್ಲ, ಒಪ್ಪಿಗೇನಾ?’

ಒಪ್ಪಿಗೆ ಮೊದಲೇ ಆಗಬೇಕು. ನಾನು ಜತೆಗಿದ್ದ ಒಂದು ಸಂದರ್ಶನದಲ್ಲಿ ಕಂಪನಿಯ ದೊಡ್ಡವರು ಹತ್ತು ನಿಮಿಷ ಎದುರಾಳಿ ಕಂಪನಿಯನ್ನು ಜಾಲಾಡಿದರು. ಕೊನೆಗೆ ನಕ್ಕು ‘ಇದೆಲ್ಲ ಆಫ್ ದಿ ರೆಕಾರ್ಡ್ ಆಯ್ತಾ’ ಎಂದರು. ವರದಿಗಾರ್ತಿ ಪೆನ್ನಿನ ಮುಚ್ಚಳ ಹಾಕುತ್ತಾ, ‘ಸರ್, ಇದನ್ನ ಮೊದಲು ಹೇಳಬೇಕಿತ್ತು’ ಎಂದರು. ಮರುದಿನ ಅದೇ ತಲೆಬರಹ. ತಪ್ಪು ಅವರದಲ್ಲ, ಒಳಗೆ ಹೋಗುವ ಮೊದಲು ನಮ್ಮ ದೊಡ್ಡವರಿಗೆ ಇದನ್ನು ಹೇಳದ ನನ್ನದು. ಸೆಮಿನಾರುಗಳಿಗೆ ಹೋದಾಗ ‘ಚಾಟಂ ಹೌಸ್ ರೂಲ್’ ಎಂಬ ಮಾತು ಬಂದೀತು. ಲಂಡನ್ನಿನ ಸಂಸ್ಥೆಯೊಂದು 1927ರಲ್ಲಿ ಮಾಡಿಕೊಂಡ ನಿಯಮ. ಅಲ್ಲಿ ಕೇಳಿದ್ದನ್ನು ಬಳಸಬಹುದು, ಹೇಳಿದವರು ಯಾರು, ಎಲ್ಲಿಯವರು ಎಂಬುದನ್ನು ಮಾತ್ರ ಹೊರಗೆ ಬಿಡಬಾರದು. ನಮ್ಮ ಎರಡನೇ ಮೆಟ್ಟಿಲೇ, ಸೂಟು ಹಾಕಿಕೊಂಡಿದೆ.

ಟಿವಿಯವರ ಪದಗಳು ಸುಲಭ. ಮೈಕಿನ ಮುಂದೆ ಹೇಳಿದ ತುಂಡು ಮಾತು ಬೈಟ್, ಫೋನಿನಲ್ಲೇ ಮಾತಾಡಿಸಿದರೆ ಫೋನೋ, ಪರದೆಯ ಕೆಳಗೆ ಓಡುವ ಸಾಲು ಟಿಕ್ಕರ್, ಚಾನೆಲ್ ಹೆಸರಿರುವ ಮೈಕಿನ ಡಬ್ಬಿ ಲೋಗೋ. ‘ಲೋಗೋ ಇಡಿ ಸರ್’ ಅಂದರೆ ಗಾಬರಿಯಾಗಬೇಡಿ. ನೆನಪಿಡಬೇಕಾದ್ದು ಒಂದೇ. ನಾಲ್ಕು ನಿಮಿಷ ಮಾತಾಡಿದರೂ ಹೋಗುವುದು ಹತ್ತು ಸೆಕೆಂಡು. ಯಾವ ಹತ್ತು ಸೆಕೆಂಡು ಅಂತ ಆರಿಸುವವರು ನೀವಲ್ಲ. ಹಾಗಾಗಿ ಎಂಡಿಗೆ ಒಂದೇ ವಾಕ್ಯ ಹೇಳಿಕೊಡಿ, ಅದನ್ನೇ ಮೂರು ಸಲ ಹೇಳಲಿ.

ಇನ್ನು ಲೆಕ್ಕದ ಪದಗಳು. ಪ್ರಸಾರ ಸಂಖ್ಯೆ ಎಂದರೆ ಮಾರಾಟವಾದ ಪ್ರತಿಗಳು. 1948ರಿಂದ ಇರುವ ಎಬಿಸಿ ಎಂಬ ಸಂಸ್ಥೆ ಆರು ತಿಂಗಳಿಗೊಮ್ಮೆ ಇದನ್ನು ದೃಢೀಕರಿಸುತ್ತದೆ. ಓದುಗರ ಸಂಖ್ಯೆ ಬೇರೆ. ಒಂದು ಪ್ರತಿಯನ್ನು ಮನೆಯವರೆಲ್ಲ, ಪಕ್ಕದ ಮನೆಯವರು, ಕ್ಷೌರದಂಗಡಿಗೆ ಬಂದವರು ಓದುತ್ತಾರಲ್ಲ, ಅದನ್ನು ಸಮೀಕ್ಷೆಯಿಂದ ಅಂದಾಜು ಮಾಡುತ್ತಾರೆ. ಜಾಹೀರಾತಿನವರು ತಮಗೆ ಯಾವುದು ದೊಡ್ಡದಾಗಿ ಕಾಣುತ್ತದೋ ಅದನ್ನು ಹೇಳುತ್ತಾರೆ. ಯಾವುದು ಅಂತ ಕೇಳಿಕೊಳ್ಳಿ. ಟಿಆರ್‌ಪಿ ಟಿವಿಯದು, ಎಷ್ಟು ಜನ ನೋಡಿದರು ಎಂಬ ಅಂದಾಜು. 2015ರಿಂದ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಲೆಕ್ಕ ಹಾಕುತ್ತದೆ. 2020ರ ಅಕ್ಟೋಬರಿನಲ್ಲಿ ಈ ಲೆಕ್ಕವನ್ನೇ ತಿರುಚಿದ ಆರೋಪ ಬಂದು ಸುದ್ದಿ ವಾಹಿನಿಗಳ ರೇಟಿಂಗ್ ನಿಂತಿತು, ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ.

ನಿಮ್ಮನ್ನು ಕಾಡುತ್ತಿರುವ ಎವಿಇ, ಅಂದರೆ ಸುದ್ದಿಗೆ ಕಟ್ಟುವ ಜಾಹೀರಾತಿನ ಬೆಲೆ, ಇವೆಲ್ಲಕ್ಕಿಂತ ವಿಚಿತ್ರ. ಸುದ್ದಿ ಬಂದ ಜಾಗವನ್ನು ಸ್ಕೇಲ್ ಹಿಡಿದು ಅಳೆಯುತ್ತಾರೆ. ಮೂರು ಕಾಲಂ ಅಗಲ ಅಂದರೆ ಸುಮಾರು 12 ಸೆಂ.ಮೀ., ಎತ್ತರವೂ 12 ಅನ್ನಿ. 144 ಚದರ ಸೆಂ.ಮೀ. ಆಯಿತು. ಅಷ್ಟು ಜಾಗಕ್ಕೆ ಜಾಹೀರಾತು ಹಾಕಿದ್ದರೆ ಎಷ್ಟಾಗುತ್ತಿತ್ತು? ದರ ಚದರ ಸೆಂ.ಮೀ.ಗೆ 500 ರೂಪಾಯಿ ಅಂದುಕೊಳ್ಳಿ, 72,000 ರೂಪಾಯಿ. ‘ಸುದ್ದಿಗೆ ಜಾಹೀರಾತಿಗಿಂತ ನಂಬಿಕೆ ಜಾಸ್ತಿ’ ಅಂತ ಅದನ್ನು ಮೂರರಿಂದ ಗುಣಿಸುವವರೂ ಇದ್ದಾರೆ, 2,16,000 ರೂಪಾಯಿ. ಈ ಮೂರು ಎಲ್ಲಿಂದ ಬಂತು ಅಂತ ನಾನು ಕೇಳಿದಾಗಲೆಲ್ಲ ಎದುರಿನವರು ನೀರು ಕುಡಿದಿದ್ದಾರೆ. ತಮಾಷೆ ಏನು ಗೊತ್ತಾ? ‘ಹಿಟ್ಟಿನ ಪ್ಯಾಕೆಟ್‌ನಲ್ಲಿ ಹುಳ’ ಎಂಬ ಸುದ್ದಿ ಅದೇ ಗಾತ್ರದಲ್ಲಿ ಬಂದರೆ ಅದರ ಎವಿಇ ಕೂಡ 2,16,000! 2010ರಲ್ಲಿ ಬಾರ್ಸಿಲೋನಾದಲ್ಲಿ ಈ ಅಳತೆಯ ಕಸುಬಿನವರೇ ಸೇರಿ, ಎವಿಇ ಎಂಬುದು ಪಿಆರ್‌ನ ಬೆಲೆಯಲ್ಲ ಎಂದು ತೀರ್ಮಾನ ಮಾಡಿದರು. ಬಾರ್ಸಿಲೋನಾ ಪ್ರಿನ್ಸಿಪಲ್ಸ್ ಅನ್ನುವುದು ಅದಕ್ಕೇ. ನಮ್ಮ ಕಡೆಯ ಎಕ್ಸೆಲ್ ಶೀಟುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಕೇಳಿದರೆ ಕೊಡಿ, ಸಂಬಳ ಅವರದು. ಆದರೆ ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಿ: ಸುದ್ದಿ ಬಂದ ವಾರ ಚಳ್ಳಕೆರೆ ಕೇಂದ್ರಕ್ಕೆ ಎಷ್ಟು ರೈತರು ಫೋನ್ ಮಾಡಿದರು? ಎರಡು ತಿಂಗಳಲ್ಲಿ ಯಾವ ಕಾಲಂ ಓದುತ್ತಾರೆ ನೋಡಿ.

ಹುಳದ ಮಾತು ಬಂತಲ್ಲ, ಅಂಥ ದಿನಕ್ಕೂ ನಾಲ್ಕು ಪದ ಇವೆ. ವಿಷಯ ಇನ್ನೂ ಪೂರ್ತಿ ತಿಳಿಯದಿದ್ದಾಗ ‘ದೂರು ಬಂದಿದೆ, ಪರಿಶೀಲಿಸುತ್ತಿದ್ದೇವೆ, ಸಂಜೆಯೊಳಗೆ ತಿಳಿಸುತ್ತೇವೆ’ ಎಂದು ಕೊಡುವ ಎರಡು ಸಾಲು ಹೋಲ್ಡಿಂಗ್ ಸ್ಟೇಟ್‌ಮೆಂಟ್. ಅದನ್ನು ಕೊಡದೆ ಫೋನ್ ಆಫ್ ಮಾಡಿ ಕೂತರೆ ಪತ್ರಿಕೆಯಲ್ಲಿ ಬರುವ ಸಾಲು ನಿಮಗೂ ಗೊತ್ತು: ‘ಪ್ರತಿಕ್ರಿಯೆಗಾಗಿ ಕರೆ ಮಾಡಿದಾಗ ಸಂಪರ್ಕಕ್ಕೆ ಸಿಗಲಿಲ್ಲ’. ಓದುಗ ಅದನ್ನು ‘ತಪ್ಪು ಮಾಡಿದ್ದಾರೆ’ ಎಂದೇ ಓದುತ್ತಾನೆ. ಸುದ್ದಿಯಲ್ಲಿ ಪತ್ರಿಕೆಯದೇ ತಪ್ಪಿದ್ದರೆ ಅವರು ಹಾಕುವುದು ತಿದ್ದುಪಡಿ. ನಿಮ್ಮ ಕಡೆಯ ಮಾತನ್ನು ನಿಮ್ಮ ಹೆಸರಲ್ಲಿ ಹಾಕಿದರೆ ಸ್ಪಷ್ಟನೆ. ಊರಿನ ಹೆಸರು ತಪ್ಪಾಗಿದ್ದರೆ ತಿದ್ದುಪಡಿ ಕೇಳಿ. ‘ನಮ್ಮನ್ನು ಕೆಟ್ಟದಾಗಿ ಬರೆದಿದ್ದಾರೆ’ ಅನ್ನಿಸಿದರೆ ಸ್ಪಷ್ಟನೆ ಕಳಿಸಿ. ಎರಡನ್ನೂ ಕಲಸಿ ವಕೀಲರ ನೋಟಿಸಿನ ಭಾಷೆಯಲ್ಲಿ ಕಳಿಸಿದರೆ ಎರಡೂ ಬರುವುದಿಲ್ಲ.

ಈಗ ನಿಮ್ಮ ಚಳ್ಳಕೆರೆ ಸುದ್ದಿ. ಅಡ್ವಟೋರಿಯಲ್ ಕೇಳಿದ ಪತ್ರಿಕೆಯವರು ಯಾವ ವಿಭಾಗದವರು ಎಂದು ವಿಚಾರಿಸಿ. ಜಾಹೀರಾತಿನವರಾದರೆ ಅವರು ಅವರ ಕೆಲಸ ಮಾಡಿದ್ದಾರೆ, ನಿಮ್ಮ ಪ್ರೆಸ್ ನೋಟ್ ತಪ್ಪು ಮೇಲ್ ವಿಳಾಸಕ್ಕೆ ಹೋಗಿದೆ. ಚಿತ್ರದುರ್ಗದ ಬ್ಯೂರೊ ವಿಳಾಸ ಹುಡುಕಿ, ಹೊಸದಾಗಿ ಬರೆದು ಕಳಿಸಿ. ಮೊದಲ ವಾಕ್ಯದಲ್ಲಿ ರೈತ, ಬೆಳೆ, ದರ ಇರಲಿ. ಉದ್ಘಾಟನೆ ಹಳೆಯದಾಯಿತು, ಮೊದಲ ತಿಂಗಳಲ್ಲಿ ಎಷ್ಟು ಕ್ವಿಂಟಲ್ ಬಂತು ಎಂಬುದು ಹೊಸ ಸುದ್ದಿ. ಹಾಂ, ಒಂದು ಮರೆತಿದ್ದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಎಷ್ಟೋ ಕಡೆ ಅದು ಬರೀ ಚುಕ್ಕಿ, ಕೊಕ್ಕೆಗಳಾಗಿ ತೆರೆದುಕೊಳ್ಳುತ್ತದೆ. ಪಿಡಿಎಫ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಾಗದದ ಫೋಟೊ ಕಳಿಸಿದರೆ ಅವರು ಕೂತು ಮತ್ತೆ ಟೈಪ್ ಮಾಡಬೇಕು, ಮಾಡುವುದಿಲ್ಲ. ಯೂನಿಕೋಡ್‌ನಲ್ಲಿ, ಮೇಲ್‌ನ ಒಳಗೇ ಅಂಟಿಸಿ ಕಳಿಸಿ. ಫೋಟೊ ಬೇರೆಯಾಗಿರಲಿ, ಎಡದಿಂದ ಯಾರು ಯಾರು ಎಂದು ಬರೆದಿರಿ. ಎಂಡಿಯನ್ನು ಮಧ್ಯದಲ್ಲಿ ನಿಲ್ಲಿಸಿ. ಜಾಗ ಸಾಲದೆ ಫೋಟೊ ಕತ್ತರಿಸುವಾಗ ಮೊದಲು ಹೋಗುವುದು ಅಂಚಿನಲ್ಲಿ ನಿಂತವರು.